ನನ್ನ ಹಳೆಯ ಮಾತನ್ನು ಹಿಂತೆಗೆದುಕೊಳ್ಳುತ್ತಾ: ‘ಚಂದ್ರಗಿರಿಯ ತೀರದಲ್ಲಿ’ ಮರು ಓದು

ನಮ್ಮಲ್ಲಿ ಯಾರಾದರೂ ಹಿಂದೆ ಹೇಳಿದ ಮಾತನ್ನು ಬದಲಿಸಿದರೆ ಸಾಕು, ‘ಉಲ್ಟಾ ಹೊಡೆದ’ ಅಂತ ಶುರುವಾಗುತ್ತದೆ. ಯಾರ ಒತ್ತಡ ಬಂತು, ಯಾವ ಪ್ರಶಸ್ತಿಯ ಮೇಲೆ ಕಣ್ಣು ಬಿತ್ತು ಎಂದು ಕೇಳುವವರು ಹತ್ತು ಜನ. ಏನನ್ನು ಓದಿ, ಏನನ್ನು ನೋಡಿ ಮನಸ್ಸು ಬದಲಾಯಿತು ಎಂದು ಕೇಳುವವರು ಒಬ್ಬರೂ ಇಲ್ಲ. ಹೀಗಾಗಿ ಬಹಳ ಜನ ತಪ್ಪು ಗೊತ್ತಾದ ಮೇಲೂ ಹಳೆಯ ಮಾತಿಗೇ ಅಂಟಿಕೊಂಡಿರುತ್ತಾರೆ. ಇನ್ನು ಕೆಲವರು ಸದ್ದಿಲ್ಲದೆ ಬದಲಾಗಿ, ಹಿಂದೆ ಹಾಗೆ ಹೇಳಿಯೇ ಇಲ್ಲ ಎಂಬಂತೆ ಇದ್ದುಬಿಡುತ್ತಾರೆ. ನಾನು ಎರಡನೆಯ ಗುಂಪಿನವನು. ಕೆಲವು ವರ್ಷ ಹಾಗೇ ಇದ್ದೆ. ಇನ್ನು ಇರಲು ಆಗುವುದಿಲ್ಲ ಅನ್ನಿಸಿದ್ದಕ್ಕೆ ಈ ಲೇಖನ.

ಕಾರಣ ಒಬ್ಬ ವಿದ್ಯಾರ್ಥಿನಿ. ಕನ್ನಡ ಎಂ.ಎ. ಓದುತ್ತಿರುವ ಆ ಹುಡುಗಿ ಸಾರಾ ಅಬೂಬಕ್ಕರ್ ಅವರ ಬಗ್ಗೆ ಪ್ರಬಂಧ ಬರೆಯುತ್ತಿದ್ದಾಳೆ. ಫೋನ್ ಮಾಡಿ, "ಸರ್, ನಿಮ್ಮ 1999ರ ಲೇಖನವನ್ನು ಉಲ್ಲೇಖ ಮಾಡಿದ್ದೇನೆ. ಸಮುದಾಯದ ಒಳಗಿನಿಂದ ಬಂದ ವಿರೋಧಕ್ಕೆ ಅದು ಒಳ್ಳೆಯ ಉದಾಹರಣೆ" ಎಂದಳು. ಹೊಗಳಿದಳೋ ಬೈದಳೋ ಗೊತ್ತಾಗಲಿಲ್ಲ. ಆದರೆ ಒಂದು ವಿಷಯ ತಿಳಿಯಿತು. ನಾನು ಬಿಟ್ಟುಬಿಟ್ಟಿದ್ದೇನೆ ಅಂದುಕೊಂಡಿದ್ದ ಅಭಿಪ್ರಾಯ ನನ್ನನ್ನು ಬಿಟ್ಟಿರಲಿಲ್ಲ. ನನ್ನ ಹೆಸರಿನಲ್ಲೇ ಅದು ಇನ್ನೂ ಓಡಾಡುತ್ತಿತ್ತು.

ಆ ಲೇಖನದ ಕಥೆ ಹೇಳುತ್ತೇನೆ. 1999ರಲ್ಲಿ ಮುಂಬಯಿಯ ಒಂದು ಕನ್ನಡ ಸಂಘದ ಸಭಾಂಗಣದಲ್ಲಿ ‘ಕನ್ನಡದಲ್ಲಿ ಮುಸ್ಲಿಂ ಸಂವೇದನೆ’ ಎಂಬ ವಿಚಾರಗೋಷ್ಠಿ ಇತ್ತು. ನನಗೆ ಆಗ ಮೂವತ್ತರ ಆಸುಪಾಸು. ವಾರವೆಲ್ಲ ಲೆಕ್ಕ ಬರೆಯುವ ಕೆಲಸ, ಭಾನುವಾರ ಸಾಹಿತ್ಯ. ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ಮೇಲೆ ಇಪ್ಪತ್ತೈದು ನಿಮಿಷ ಮಾತಾಡಿದೆ. ಅದನ್ನೇ ತಿದ್ದಿ ಸ್ಮರಣ ಸಂಚಿಕೆಗೆ ಕೊಟ್ಟೆ. ನನ್ನ ಆರೋಪಗಳು ಮೂರು. ಒಂದು, ಲೇಖಕಿಗೆ ಶರೀಅತ್ ಗೊತ್ತಿಲ್ಲ, ಊರಿನ ಕೆಟ್ಟ ಪದ್ಧತಿಯನ್ನು ಧರ್ಮ ಎಂದು ತೋರಿಸಿದ್ದಾರೆ. ಎರಡು, ಇದು ಹೊರಗಿನವರನ್ನು ಮೆಚ್ಚಿಸಲು ಬರೆದ ಕಾದಂಬರಿ. ಮೂರು, ನಾಯಕಿಯನ್ನು ಮಸೀದಿಯ ಕೆರೆಯಲ್ಲಿ ಸಾಯಿಸಿ ಮಸೀದಿಗೆ ಅವಮಾನ ಮಾಡಿದ್ದಾರೆ.

ಚಪ್ಪಾಳೆ ಚೆನ್ನಾಗಿ ಬಿತ್ತು. ಚಹಾ ಕುಡಿಯುವಾಗ ವಯಸ್ಸಾದ ಒಬ್ಬ ಹೆಂಗಸು ಹತ್ತಿರ ಬಂದರು. ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು, ನಮ್ಮ ಕಡೆಯ ಬ್ಯಾರಿಗಳು. "ಮೋನೇ," ಎಂದರು, ನಮ್ಮ ಭಾಷೆಯಲ್ಲಿ ಮಗನೇ ಅಂತ. "ಇಷ್ಟು ಹೊತ್ತು ಕಾನೂನು ಹೇಳಿದೆ. ಆ ಹುಡುಗಿಯ ಹೆಸರು ಒಂದು ಸಲವೂ ನಿನ್ನ ಬಾಯಲ್ಲಿ ಬರಲಿಲ್ಲ ಅಲ್ಲವಾ?" ನಾನು ನಕ್ಕು, "ಇದು ಸಾಹಿತ್ಯದ ಚರ್ಚೆ ಅಮ್ಮಾ" ಎಂದೆ. ಸಾಹಿತ್ಯದ ಚರ್ಚೆಯಲ್ಲಿ ಪಾತ್ರದ ಹೆಸರೇ ಬರಲಿಲ್ಲವಲ್ಲ ಎಂದು ಅವರು ಕೇಳಬಹುದಿತ್ತು. ಕೇಳಲಿಲ್ಲ. ಚಹಾದ ಲೋಟ ಕೆಳಗಿಟ್ಟು ಹೋದರು.

ಹುಡುಗಿಯ ಹೆಸರು ನಾದಿರಾ. ಕಾದಂಬರಿ ಓದದವರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಕಾಸರಗೋಡಿನ ಚಂದ್ರಗಿರಿ ಹೊಳೆಯ ದಡ. ನಾದಿರಾ ಮತ್ತು ರಷೀದ್ ಒಬ್ಬರನ್ನೊಬ್ಬರು ಪ್ರೀತಿಸುವ ಗಂಡ ಹೆಂಡತಿ. ಅಳಿಯನ ಮೇಲೆ ಸಿಟ್ಟಾದ ಅಪ್ಪ ಮಗಳನ್ನು ತವರಿನಲ್ಲೇ ಇಟ್ಟುಕೊಳ್ಳುತ್ತಾನೆ. ಕೊನೆಗೆ ತಲಾಖ್ ಆಗುವ ತನಕ ಬಿಡುವುದಿಲ್ಲ. ಮಗಳ ಮನಸ್ಸಿನಲ್ಲಿ ಏನಿದೆ ಎಂದು ಅವನು ಕೇಳುವುದಿಲ್ಲ. ಮುಂದೆ ಇಬ್ಬರೂ ಮತ್ತೆ ಒಂದಾಗಬೇಕು ಎನ್ನುವಾಗ ನಿಯಮ ಅಡ್ಡ ಬರುತ್ತದೆ. ಅವಳು ಇನ್ನೊಬ್ಬನನ್ನು ಮದುವೆಯಾಗಿ, ಅವನೊಡನೆ ಒಂದು ರಾತ್ರಿ ಕಳೆದು, ಅವನಿಂದ ತಲಾಖ್ ಪಡೆದು ಬರಬೇಕು. ನಾದಿರಾ ಅದನ್ನು ಮಾಡಲಾರದೆ ಮಸೀದಿಯ ಕೆರೆಗೆ ಹೋಗುತ್ತಾಳೆ.

ಎಂಬತ್ತರ ದಶಕದ ಆರಂಭದಲ್ಲಿ ಇದು ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದಾಗ ಕನ್ನಡಕ್ಕೆ ಹೊಸ ಲೋಕವೊಂದು ತೆರೆಯಿತು. ನಮ್ಮವರಲ್ಲಿ ಬಹಳ ಜನಕ್ಕೆ ಸಿಟ್ಟು ಬಂತು. ಅದಾಗಿ ಸುಮಾರು ಹದಿನೆಂಟು ವರ್ಷದ ಮೇಲೆ ಮುಂಬಯಿಯಲ್ಲಿ ನಿಂತು ನಾನು ಯಾಕೆ ಅಷ್ಟು ಕಟುವಾಗಿ ಮಾತಾಡಿದೆ? ನನ್ನ ಸಮರ್ಥನೆಗಾಗಿ ಅಲ್ಲ, ವಿದ್ಯಾರ್ಥಿಗಳಿಗೆ ಹಿನ್ನೆಲೆ ತಿಳಿಯಲಿ ಎಂದು ಹೇಳುತ್ತೇನೆ. 1992ರ ಡಿಸೆಂಬರ್ ಮತ್ತು 1993ರ ಜನವರಿಯ ಗಲಭೆಗಳನ್ನು ಈ ಊರಿನಲ್ಲೇ ಇದ್ದು ನೋಡಿದವನು ನಾನು. ಶ್ರೀಕೃಷ್ಣ ಆಯೋಗದ ವರದಿ ಹೊರಬಂದದ್ದು 1998ರಲ್ಲಿ. ಸತ್ತವರು ಸುಮಾರು 900 ಎಂದು ಅದರಲ್ಲಿ ಓದಿದಾಗ ಗಾಯ ಮತ್ತೆ ಹಸಿಯಾಯಿತು. ಮನೆಗೆ ಬೆಂಕಿ ಬಿದ್ದಿರುವಾಗ ಮನೆಯೊಳಗಿನ ಜಗಳವನ್ನು ಬೀದಿಗೆ ತರಬಾರದು ಎಂಬ ಭಯ ನನ್ನದು. ಆ ಭಯ ಸುಳ್ಳಲ್ಲ. ಆದರೆ ಭಯದಲ್ಲಿ ಓದಿದ ಪುಸ್ತಕವನ್ನು ಓದಿದೆ ಎನ್ನಲಾಗುವುದಿಲ್ಲ.

2023ರ ಜನವರಿಯಲ್ಲಿ ಸಾರಾ ಅವರು ಮಂಗಳೂರಿನಲ್ಲಿ ತೀರಿಕೊಂಡ ಸುದ್ದಿ ಬಂದ ದಿನ ನನ್ನ ಹಳೆಯ ಪ್ರತಿಯನ್ನು ಕಪಾಟಿನಿಂದ ತೆಗೆದೆ. ಪುಟದ ಅಂಚಿನಲ್ಲೆಲ್ಲ ನನ್ನ ಪೆನ್ಸಿಲ್ ಗುರುತು. ‘ಹೀಗಿಲ್ಲ’, ‘ಆಧಾರ?’, ‘ತಪ್ಪು’. ಕೊನೆಯ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ‘ಶರೀಅತ್‌ನಲ್ಲಿ ಇಲ್ಲ’. ನಾದಿರಾ ಗಂಡನಿಗಾಗಿ ಹಂಬಲಿಸುವ ಪುಟಗಳಲ್ಲಿ, ತಾಯಿ ಫಾತಿಮ್ಮ ಗಂಡನ ಎದುರು ಬಾಯಿ ತೆರೆಯಲಾರದೆ ಒಳಗೊಳಗೇ ಬೇಯುವ ಪುಟಗಳಲ್ಲಿ ಒಂದು ಗೆರೆಯೂ ಇಲ್ಲ. ತಪ್ಪು ಹುಡುಕಲು ಹೊರಟವನಿಗೆ ಅಲ್ಲಿ ತಪ್ಪು ಸಿಕ್ಕಿರಲಿಲ್ಲ, ಅದಕ್ಕೇ ಪುಟ ತಿರುಗಿಸಿದ್ದೆ. ಮೂರು ದಿನ ಕೂತು ಮತ್ತೆ ಓದಿದೆ.

ಮೊದಲ ಆರೋಪ. ಲೇಖಕಿಗೆ ಶರೀಅತ್ ಗೊತ್ತಿಲ್ಲ ಎಂದಿದ್ದೆ. ಈಗ ಓದಿದರೆ ಕಾದಂಬರಿಯ ಗಂಟು ಇರುವುದು ಫಿಕ್ಹ್ ಗ್ರಂಥದಲ್ಲಲ್ಲ, ಅಪ್ಪನ ಹಟದಲ್ಲಿ. ಅವನ ಸಿಟ್ಟು ಅಳಿಯನ ಮೇಲೆ, ಶಿಕ್ಷೆ ಮಗಳಿಗೆ. ಧರ್ಮ ಕಲಿಸಿದ ಯಾವ ಕರುಣೆಯೂ ಅವನಿಗೆ ಬೇಕಿಲ್ಲ, ತನ್ನ ಕೈ ಬಲಪಡಿಸುವ ನಿಯಮ ಮಾತ್ರ ಬೇಕು. ಧರ್ಮ ಹೀಗೆಯೇ ಹೇಳುತ್ತದೆ ಎಂದು ಕಾದಂಬರಿ ವಾದಿಸುವುದಿಲ್ಲ. ಧರ್ಮದ ಹೆಸರು ಹೇಳುವವರ ಕೈಯಲ್ಲಿ ಒಬ್ಬ ಹುಡುಗಿಗೆ ಏನಾಯಿತು ಎಂದು ತೋರಿಸುತ್ತದೆ. ಇವೆರಡರ ವ್ಯತ್ಯಾಸ ನನಗೆ ಅಂದು ಕಾಣಲಿಲ್ಲ. ಮೊದಲೇ ಗೊತ್ತು ಮಾಡಿಕೊಂಡು ನಡೆಸುವ ಒಂದು ರಾತ್ರಿಯ ಮದುವೆಯನ್ನು ಪ್ರವಾದಿವರ್ಯರು(ಸ) ಶಪಿಸಿದ್ದಾರೆ ಎಂಬ ಹದೀಸನ್ನು ನಾನು ಅಂದು ಸಭೆಯಲ್ಲಿ ಹೇಳಿದ್ದೆ. ಅದು ಸರಿಯೇ. ಆದರೆ ಆ ಹದೀಸು ಯಾರ ಪರವಾಗಿ ನಿಲ್ಲುತ್ತದೆ? ನಾದಿರಾಳ ಪರವಾಗಿ ಅಲ್ಲವೇ? ನಾನು ಅದನ್ನು ಅವಳ ಕಥೆ ಬರೆದವರ ವಿರುದ್ಧ ಎತ್ತಿ ಹಿಡಿದೆ. ಸಾಕ್ಷಿ ಸರಿಯಿತ್ತು, ತೋರಿಸಿದ ಬೆರಳು ತಪ್ಪಾಗಿತ್ತು.

ಎರಡನೆಯದು, ಹೊರಗಿನವರನ್ನು ಮೆಚ್ಚಿಸಲು ಬರೆದರು ಎಂಬ ಮಾತು. ಇದನ್ನು ಪೂರ್ತಿಯಾಗಿ ಹಿಂತೆಗೆದುಕೊಳ್ಳುತ್ತೇನೆ. ನನ್ನಲ್ಲಿ ಇದಕ್ಕೆ ಆಧಾರವೇ ಇರಲಿಲ್ಲ. ಇನ್ನೊಬ್ಬರ ನಿಯ್ಯತ್ತಿನ ಬಗ್ಗೆ ತೀರ್ಪು ಕೊಡುವ ಹಕ್ಕು ವಿಮರ್ಶಕನಿಗೆ ಇಲ್ಲ. ಕಾಸರಗೋಡಿನ ಮುಸ್ಲಿಂ ಹೆಣ್ಣುಮಕ್ಕಳಲ್ಲಿ ಹೈಸ್ಕೂಲು ಮುಗಿಸಿದ ಮೊದಲಿಗರಲ್ಲಿ ಸಾರಾ ಒಬ್ಬರು. ಮನೆಯ ಮಾತು ಮಲಯಾಳಂ, ಕಲಿತದ್ದು ಕನ್ನಡ. ಬರೆಯಲು ಶುರು ಮಾಡಿದ್ದು ಮದುವೆ, ಮಕ್ಕಳು, ಸಂಸಾರ ಎಲ್ಲ ಆದ ಮೇಲೆ. ಹೊಳೆಯ ದಡದ ಮನೆಗಳ ಒಳಗೆ, ಅಡಿಗೆಮನೆಯ ಹಿಂದೆ ಹೆಂಗಸರು ಪಿಸುಗುಡುವ ಮಾತು ಹೊರಗಿನವರಿಗೆ ಗೊತ್ತಾಗುವುದಲ್ಲ. ಆ ಮಾತು ಗೊತ್ತಿದ್ದವರಿಗಷ್ಟೇ ಫಾತಿಮ್ಮನನ್ನು ಬರೆಯಲು ಸಾಧ್ಯ. ಹೊರಗಿನವರು ಓದಿದರು ನಿಜ. ಆದರೆ ನಮ್ಮ ಮನೆಗಳಲ್ಲೂ ಹೆಣ್ಣುಮಕ್ಕಳು ಓದಿದರು, ಪಾಠಪುಸ್ತಕದ ನಡುವೆ ಬಚ್ಚಿಟ್ಟು ಓದಿದರು. ನನ್ನ ಸ್ವಂತ ತಂಗಿ ಹಾಗೆ ಓದಿದ್ದಳು ಎಂದು ನನಗೆ ಗೊತ್ತಾದದ್ದು ಮೊನ್ನೆ ಮೊನ್ನೆ. "ನಿನ್ನ ಭಾಷಣ ಕೇಳಿ ಸುಮ್ಮನಿದ್ದೆ ಅಣ್ಣ, ನಿನ್ನ ಹತ್ತಿರ ಹೇಳಿ ಏನು ಪ್ರಯೋಜನ" ಎಂದಳು. ಆ ಮಾತು ಇನ್ನೂ ಚುಚ್ಚುತ್ತಿದೆ.

ಮೂರನೆಯದು, ಮಸೀದಿಯ ಕೆರೆ. ಆತ್ಮಹತ್ಯೆ ನಮ್ಮಲ್ಲಿ ನಿಷಿದ್ಧ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಕಾದಂಬರಿಯಲ್ಲಿ ಒಂದು ಕೃತ್ಯ ನಡೆದರೆ ಅದನ್ನು ಕಾದಂಬರಿ ಸಮರ್ಥಿಸುತ್ತಿದೆ ಎಂದಲ್ಲ. ಅವಳು ಹೊಳೆಗೆ ಹೋಗಬಹುದಿತ್ತು. ಪುಸ್ತಕದ ಹೆಸರಿನಲ್ಲೇ ಹೊಳೆ ಇದೆ. ಲೇಖಕಿ ಅವಳನ್ನು ಮಸೀದಿಗೆ ಕಳಿಸಿದ್ದು ಯಾಕೆ? ಅಪ್ಪನ ಹತ್ತಿರ ಕೇಳಿ ಆಯಿತು, ಅಮ್ಮನಿಗೆ ಬಾಯಿಲ್ಲ, ಊರಿನವರಿಗೆ ನಿಯಮ ಸಾಕು. ಅಹವಾಲು ಹೇಳಲು ಉಳಿದದ್ದು ಅಲ್ಲಾಹನ ದರ್ಬಾರು ಒಂದೇ. ವುಝೂ ಮಾಡುವ ನೀರಿನ ತನಕ ಬಂದ ಹುಡುಗಿ ಒಳಗೆ ಹೋಗಲಾರದೆ ಅಲ್ಲೇ ಮುಳುಗಿದಳು. ಇದು ಮಸೀದಿಗೆ ಆದ ಅವಮಾನ ಎಂದು ನಾನು ಓದಿದ್ದೆ. ಈಗ ಅದು ಮಸೀದಿಯ ಬಾಗಿಲಲ್ಲಿ ಬಿಟ್ಟು ಹೋದ ದೂರು ಎಂದು ಓದುತ್ತೇನೆ. ದೂರು ಇರುವುದು ಅಲ್ಲಾಹನ ಮೇಲಲ್ಲ, ಅವನ ಹೆಸರಿನಲ್ಲಿ ಬಾಗಿಲು ಕಾಯುವ ನಮ್ಮ ಮೇಲೆ.

ಇಷ್ಟು ಹೇಳಿದ ಮೇಲೆ, ಯಾವುದನ್ನು ಹಿಂತೆಗೆದುಕೊಳ್ಳುವುದಿಲ್ಲ ಎಂದೂ ಹೇಳಬೇಕು. ತಪ್ಪೊಪ್ಪಿಕೊಳ್ಳುವ ಭರದಲ್ಲಿ ಕೈಯಲ್ಲಿದ್ದ ಸತ್ಯವನ್ನೂ ಎಸೆದುಬಿಡುವವರಿದ್ದಾರೆ. ಕಾದಂಬರಿಗೆ ಕಲೆಯ ಮಿತಿಗಳಿವೆ. ಅಪ್ಪನ ಪಾತ್ರದಲ್ಲಿ ಕಪ್ಪು ಬಣ್ಣ ಹೆಚ್ಚಾಗಿದೆ. ರಷೀದ್ ಒಳ್ಳೆಯವನು ಎಂಬುದನ್ನು ಬಿಟ್ಟರೆ ಅವನ ಬಗ್ಗೆ ನಮಗೆ ಹೆಚ್ಚೇನೂ ತಿಳಿಯುವುದಿಲ್ಲ. ಕೆಲವು ಕಡೆ ಪಾತ್ರಗಳ ಬಾಯಲ್ಲಿ ಲೇಖಕಿಯೇ ಮಾತಾಡುತ್ತಾರೆ. ಇವನ್ನು ಇಂದೂ ಹೇಳುತ್ತೇನೆ. ಇನ್ನೊಂದು, ಒಂದೇ ಉಸಿರಿನ ಮೂರು ತಲಾಖನ್ನು ಸುಪ್ರೀಂ ಕೋರ್ಟು 2017ರ ಆಗಸ್ಟ್‌ನಲ್ಲಿ ಅಸಿಂಧು ಎಂದದ್ದು ನನಗೆ ಒಪ್ಪಿಗೆ. ಆದರೆ 2019ರ ಕಾಯ್ದೆ ಗಂಡನಿಗೆ ಮೂರು ವರ್ಷದ ತನಕ ಜೈಲು ಎನ್ನುತ್ತದೆ. ಅವನು ಜೈಲಿನಲ್ಲಿದ್ದರೆ ಹೆಂಡತಿ ಮಕ್ಕಳ ಖರ್ಚು ಯಾರು ಕೊಡುತ್ತಾರೆ ಎಂಬ ಪ್ರಶ್ನೆಯನ್ನೂ ಬಿಟ್ಟಿಲ್ಲ. ನಾದಿರಾಳ ಹೆಸರು ಹೇಳಿದ ಮಾತ್ರಕ್ಕೆ ನಾನು ಆ ಕಾಯ್ದೆಗೆ ಸಹಿ ಹಾಕಿದಂತೆ ಆಗುವುದಿಲ್ಲ.

ಈಗ ಮೊದಲಿನ ಮಾತಿಗೆ ಬರೋಣ. ಮಾತು ಹಿಂತೆಗೆದುಕೊಳ್ಳುವುದೆಲ್ಲ ಒಂದೇ ಬಗೆಯದಲ್ಲ. ಇಂದೋರಿನ ಶಾ ಬಾನು ಅವರನ್ನು ನೆನೆಯಿರಿ. ಜೀವನಾಂಶಕ್ಕಾಗಿ ಅವರು 1978ರಲ್ಲಿ ಕೋರ್ಟಿಗೆ ಹೋದಾಗ ವಯಸ್ಸು ಅರವತ್ತು ದಾಟಿತ್ತು. ಹೈಕೋರ್ಟು ತಿಂಗಳಿಗೆ 179 ರೂಪಾಯಿ 20 ಪೈಸೆ ಎಂದಿತು. 1985ರ ಏಪ್ರಿಲ್ 23ರಂದು ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ದೇಶದ ತುಂಬ ಪ್ರತಿಭಟನೆ ಎದ್ದಿತು. ಅದೇ ವರ್ಷದ ನವೆಂಬರ್‌ನಲ್ಲಿ, ತನ್ನ ಪರವಾಗಿ ಬಂದ ತೀರ್ಪನ್ನೇ ತಾನು ಒಪ್ಪುವುದಿಲ್ಲ ಎಂದು ಅವರು ಬಹಿರಂಗ ಪತ್ರ ಕೊಟ್ಟರು. ನಾನು ಆಗ ಊರಿನಲ್ಲಿ ಕಾಲೇಜು ಹುಡುಗ. ತೀರ್ಪಿನ ವಿರುದ್ಧದ ಮೆರವಣಿಗೆಯಲ್ಲಿ ಘೋಷಣೆ ಕೂಗಿದವನು. ಪತ್ರದ ಸುದ್ದಿ ಬಂದಾಗ ನಾವೆಲ್ಲ ಗೆದ್ದೆವು ಎಂದುಕೊಂಡೆವು. ಏಳು ವರ್ಷ ಕೋರ್ಟಿನ ಮೆಟ್ಟಿಲು ಹತ್ತಿದ ಮುದುಕಿಗೆ ಏಳು ತಿಂಗಳಲ್ಲಿ ಯಾವ ಹೊಸ ಸತ್ಯ ಕಂಡಿತು ಎಂದು ನಾವು ಯಾರೂ ಕೇಳಿಕೊಳ್ಳಲಿಲ್ಲ. ಆಕೆಯ ಸುತ್ತ ಬಂದು ನಿಂತಿದ್ದದ್ದು ಒಂದು ಸಮುದಾಯದ ಸಿಟ್ಟು. ಆ ಸಿಟ್ಟಿನಲ್ಲಿ ನನ್ನ ಕಂಠವೂ ಒಂದು.

ಇದು ನಮ್ಮಲ್ಲಿ ಮಾತ್ರ ಆಗುವುದಲ್ಲ. ಚೆನ್ನೈ ಕಡೆಯ ಓದುಗರಿಗೆ ಪೆರುಮಾಳ್ ಮುರುಗನ್ ಪ್ರಕರಣ ಗೊತ್ತೇ ಇದೆ. ‘ಮಾದೊರುಬಾಗನ್’ ಕಾದಂಬರಿಯ ವಿರುದ್ಧ ತಿರುಚೆಂಗೋಡಿನಲ್ಲಿ ಗಲಾಟೆ ಎದ್ದಾಗ, 2015ರ ಜನವರಿಯಲ್ಲಿ ಅಧಿಕಾರಿಗಳು ಕರೆದ ‘ಶಾಂತಿ ಸಭೆ’ಯಲ್ಲಿ ಅವರಿಂದ ಕ್ಷಮಾಪಣೆಗೆ ಸಹಿ ಮಾಡಿಸಲಾಯಿತು. ಲೇಖಕ ಪೆರುಮಾಳ್ ಮುರುಗನ್ ಸತ್ತಿದ್ದಾನೆ ಎಂದು ಅವರು ಫೇಸ್‌ಬುಕ್‌ನಲ್ಲಿ ಬರೆದರು. 2016ರ ಜುಲೈಯಲ್ಲಿ ಮದ್ರಾಸ್ ಹೈಕೋರ್ಟು ಆ ಒಪ್ಪಂದಕ್ಕೆ ಬಲವಿಲ್ಲ ಎಂದಿತು. ಅವರು ಮತ್ತೆ ಬರೆಯಲು ಶುರು ಮಾಡಿದರು. ಮೊದಲು ಬಂದ ಕವನ ಸಂಕಲನಕ್ಕೆ ‘ಹೇಡಿಯ ಹಾಡುಗಳು’ ಎಂಬ ಅರ್ಥದ ಹೆಸರಿಟ್ಟರು. ಸಹಿ ಹಾಕಿದ ಕೈಯ ನೋವು ಆ ಹೆಸರಿನಲ್ಲಿದೆ.

ಶಾ ಬಾನು, ಪೆರುಮಾಳ್ ಮುರುಗನ್ ಇಬ್ಬರನ್ನೂ ‘ಉಲ್ಟಾ ಹೊಡೆದವರು’ ಎನ್ನುವುದು ಅನ್ಯಾಯ. ಅವರ ಅಭಿಪ್ರಾಯ ಬದಲಾಗಲಿಲ್ಲ, ಅವರ ಬಾಯಿ ಮುಚ್ಚಿತು. ಒಂದು ಮಾತು ಹಿಂದಕ್ಕೆ ಹೋದಾಗ ನಾವು ನೋಡಬೇಕಾದದ್ದು, ಅದರ ಜೊತೆ ಕಾರಣ ಬಂದಿದೆಯೇ ಎಂದು. ಕಾರಣವಿದ್ದರೆ ಅದನ್ನು ತೂಗಿ ನೋಡಬಹುದು, ಒಪ್ಪಬಹುದು, ಬಿಡಬಹುದು. ಕಾರಣವಿಲ್ಲದೆ ಬರೀ ಸಹಿ ಬಂದಿದ್ದರೆ, ಆ ಕಾಗದ ಹೇಳುವುದು ಬರೆದವರ ಬಗ್ಗೆ ಅಲ್ಲ, ಬರೆಸಿದವರ ಬಗ್ಗೆ.

ಕಾರಣ ಕೊಟ್ಟು ಬದಲಾಗುವುದು ನಮ್ಮ ಪರಂಪರೆಗೆ ಹೊಸದೇನಲ್ಲ. ಕರಾವಳಿಯ ನಮ್ಮಲ್ಲಿ ಬಹುಪಾಲು ಜನ ಅನುಸರಿಸುವುದು ಇಮಾಮ್ ಶಾಫಿ(ರ) ಅವರ ಮದ್‌ಹಬ್. ನಾದಿರಾಳ ಊರೂ ಅದೇ. ಇಮಾಮರು ಇರಾಕಿನಲ್ಲಿದ್ದಾಗ ಕೊಟ್ಟ ಅಭಿಪ್ರಾಯಗಳಿಗೆ ‘ಕದೀಮ್’ ಅಂದರೆ ಹಳೆಯದು ಎನ್ನುತ್ತಾರೆ. ಬದುಕಿನ ಕೊನೆಯ ವರ್ಷಗಳಲ್ಲಿ ಈಜಿಪ್ಟಿಗೆ ಹೋದ ಮೇಲೆ ಎಷ್ಟೋ ವಿಷಯಗಳಲ್ಲಿ ಅವರು ಅಭಿಪ್ರಾಯ ಬದಲಿಸಿದರು. ಅವು ‘ಜದೀದ್’, ಹೊಸದು. ಹಿಜರಿ 204ರಲ್ಲಿ, ಅಂದರೆ ಕ್ರಿ.ಶ. 820ರಲ್ಲಿ ಅವರು ತೀರಿಕೊಂಡರು. ಸಾವಿರ ವರ್ಷ ಕಳೆದರೂ ಅವರನ್ನು ಯಾರೂ ಮಾತು ತಪ್ಪಿದವರು ಎನ್ನಲಿಲ್ಲ. ಹಳೆಯದನ್ನು ಅಳಿಸಿಯೂ ಹಾಕಲಿಲ್ಲ. ಎರಡನ್ನೂ ಗ್ರಂಥಗಳಲ್ಲಿ ಅಕ್ಕಪಕ್ಕ ಇಟ್ಟು ಕಲಿಸಿದರು.

ಅದರಲ್ಲಿ ಇನ್ನೂ ಒಂದು ಸ್ವಾರಸ್ಯವಿದೆ. ಮಗ್‌ರಿಬ್ ನಮಾಝಿನ ವೇಳೆ ಪಡುವಣದ ಕೆಂಪು ಮಾಯುವ ತನಕ ಇರುತ್ತದೆ ಎಂಬುದು ಇಮಾಮರ ಹಳೆಯ ಅಭಿಪ್ರಾಯ. ಹೊಸದರ ಪ್ರಕಾರ ಆ ವೇಳೆ ಬಹಳ ಚಿಕ್ಕದು, ವುಝೂ ಮಾಡಿ ಬಾಂಗ್ ಕೊಟ್ಟು ನಮಾಝ್ ಮಾಡುವಷ್ಟು. ನಾಲ್ಕು ಶತಮಾನದ ಮೇಲೆ ಬಂದ ಇಮಾಮ್ ನವವಿ(ರ) ಆಧಾರಗಳನ್ನು ತೂಗಿ, ಇಲ್ಲಿ ಹಳೆಯದೇ ಬಲವಾದದ್ದು ಎಂದರು. ನಾವು ಇಂದಿಗೂ ಹಾಗೇ ನಡೆಯುತ್ತೇವೆ. ಹೊಸದಾದ ಮಾತ್ರಕ್ಕೆ ಸರಿಯಲ್ಲ, ಹಳೆಯದಾದ ಮಾತ್ರಕ್ಕೆ ತಪ್ಪಲ್ಲ. ಕಾರಣಗಳು ಕಣ್ಣ ಮುಂದೆ ಇದ್ದದ್ದರಿಂದ ತೂಗಿ ನೋಡಲು ಸಾಧ್ಯವಾಯಿತು.

ಇನ್ನು ಗುಟ್ಟಾಗಿ ಬದಲಾದರೆ ಸಾಲದೇ ಎಂಬ ಪ್ರಶ್ನೆ. ಸತ್ಯವನ್ನು ಬಚ್ಚಿಟ್ಟವರ ಬಗ್ಗೆ ಎಚ್ಚರಿಸುವ ಅಲ್‌ಬಕರ ಅಧ್ಯಾಯದ 160ನೇ ವಚನ, ಕ್ಷಮೆಗೆ ದಾರಿ ಹೇಳುವಾಗ ಮೂರು ಕೆಲಸಗಳನ್ನು ಎಣಿಸುತ್ತದೆ. ಪಶ್ಚಾತ್ತಾಪ ಪಡುವುದು, ಸರಿಪಡಿಸುವುದು, ಬಹಿರಂಗವಾಗಿ ಸ್ಪಷ್ಟಪಡಿಸುವುದು. ಮೊದಲನೆಯದನ್ನು ನಾನು 2023ರಲ್ಲೇ ಮಾಡಿದೆ. ಎರಡನೆಯದನ್ನು ಮನಸ್ಸಿನಲ್ಲೇ ಮಾಡಿದೆ ಅಂದುಕೊಂಡೆ. ಮೂರನೆಯದನ್ನು ಮಾಡಲಿಲ್ಲ. ಸಭೆಯಲ್ಲಿ ಆಡಿದ ಮಾತಿನ ತೌಬಾ ಸಭೆಯಲ್ಲೇ ಆಗಬೇಕು. ಸಾರಾ ಅವರು ಬದುಕಿದ್ದಾಗಲೇ ಇದನ್ನು ಬರೆಯಬೇಕಿತ್ತು. ಆ ಸಾಲ ತೀರುವುದಿಲ್ಲ.

ಆ ವಿದ್ಯಾರ್ಥಿನಿಗೆ ಮತ್ತೆ ಫೋನ್ ಮಾಡಿದೆ. "ಆ ಲೇಖನ ತೆಗೆದುಬಿಡಲಾ ಸರ್?" ಎಂದು ಕೇಳಿದಳು. ಬೇಡ ಎಂದೆ. ಅದು ಇರಲಿ. ಒಬ್ಬ ಗಂಡಸು, ತನ್ನ ಸಮುದಾಯವನ್ನು ಪ್ರೀತಿಸುತ್ತೇನೆ ಅಂದುಕೊಂಡವನು, ಭಯದಲ್ಲಿ ಹೇಗೆ ಓದಿದ ಎಂಬುದಕ್ಕೆ ಅದು ದಾಖಲೆ. ಅದರ ಪಕ್ಕದಲ್ಲಿ ಇದನ್ನೂ ಇಡು, ಎರಡನ್ನೂ ತೂಗಿ ನೋಡು, ಇದರಲ್ಲೂ ತಪ್ಪು ಕಂಡರೆ ಬರೆ ಎಂದೆ. ಆಮೇಲೆ ಆ ನರ್ಸ್ ಅಮ್ಮನ ಪ್ರಶ್ನೆಯನ್ನೂ ಅವಳಿಗೆ ಹೇಳಿದೆ. ಅವರು ಈಗ ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ. ಈ ಲೇಖನ ಮುಗಿಸಿದ ಮೇಲೆ ಮೊದಲಿಂದ ಓದಿ ನೋಡಿದೆ. ನಾದಿರಾಳ ಹೆಸರು ಇದರಲ್ಲಿ ಹಲವು ಸಲ ಬಂದಿದೆ. ಆ ಅಮ್ಮನಿಗೆ ಉತ್ತರ ಕೊಡಲು ನನಗೆ ಇಷ್ಟು ವರ್ಷ ಹಿಡಿಯಿತು.